ನಡುವಿನ ಮುನ್ನೂರಡಿ

“ಏ ಬೋಳಿಮಗನೆ, ನೆಲ ಅಗೀತಿದೀಯೋ ಇಲ್ಲಾ ನೆಲಕ್ಕೆ ತಲೆ ಬಾಚ್ತಿದೀಯೋ?”

ಗುತ್ತಿಗೆದಾರ ಕಾಲುವೆಯ ಅಂಚಿನಲ್ಲಿ ನಿಂತು ಬೂಟಿನ ತುದಿಯಿಂದ ಮಣ್ಣು ಚಿಮ್ಮಿದ. ಮಣ್ಣು ಕೆಳಗಿದ್ದ ಎಡಚನ ಬರಿಬೆನ್ನಿನ ಮೇಲೆ ಬಿದ್ದು ಬೆವರಿಗೆ ಅಂಟಿಕೊಂಡಿತು. ಎಡಚ ತಲೆ ಎತ್ತಲಿಲ್ಲ. ಪಿಕಾಸಿಯನ್ನು ಮೊದಲಿನ ಹಾಗೆಯೇ ಮೆಲ್ಲಗೆ ಇಳಿಸಿ, ಒಂದು ಗಳಿಗೆ ಕಿವಿಗೊಟ್ಟು, ಮತ್ತೆ ಎತ್ತಿದ. ಎಡಗೈಯಲ್ಲಿ ಬೀಸುವವನಾದ್ದರಿಂದ ಅವನಿಗೆ ಆ ಹೆಸರು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೂ ಮರೆತುಹೋಗಿತ್ತು.

ಹಳೇ ಕೇಬಲ್ಲು ಇಲ್ಲೇ ಎಲ್ಲೋ ಇರಬೇಕು, ನೋಡಿಕೊಂಡು ಅಗೆಯುತ್ತಿದ್ದೇನೆ ಅಂದ ಅವನು.

“ಅದು ಆರಡಿ ಆಚೆ ಇದೆ, ನಕ್ಷೇಲಿ ಬರೆದಿದೆ. ಓದಕ್ಕೆ ಬರತ್ತಾ ನಿಂಗೆ? ಬರಲ್ಲ ತಾನೆ? ಮತ್ತೆ ಮುಚ್ಕೊಂಡು ಹೊಡಿ. ತಗುಲಿದ್ರೂ ಏನೂ ಆಗಲ್ಲ, ಅದು ಆರ್ಮರ್ ಕೇಬಲ್ಲು. ಹೊತ್ತು ಮುಳುಗೋದ್ರೊಳಗೆ ಗಿರಣಿ ಗೋಡೆ ಮುಟ್ಟದಿದ್ರೆ ನಾಳೆಯಿಂದ ಒಬ್ರೂ ಬರಬೇಡಿ.”

ಅಷ್ಟು ಹೇಳಿ ಅವನು ನೆರಳಿಗೆ ಹೋದ. ದಂಡೆಯ ಮೇಲೆ ಬಾಂಡ್ಲಿಯಲ್ಲಿ ಮಣ್ಣು ಹೊರುತ್ತಿದ್ದ ಕೂಗಕ್ಕ ಅವನ ಬೆನ್ನಿಗೆ ಉಗಿಯುವಂತೆ ನೋಡಿದಳು. ಎಡಚ ಅವಳ ಒಡಹುಟ್ಟಿದ ತಮ್ಮ. ಇಪ್ಪತ್ತು ಜನರ ಆ ಗುಂಪಿನಲ್ಲಿ ಕೇಬಲ್ ಎಳೆಯುವಾಗ ಕೂಗು ಹಾಕುವವಳು ಅವಳೇ. ಅವಳು ‘ಐಸಾ’ ಅಂದರೆ ಇಪ್ಪತ್ತು ಹೆಗಲು ಒಟ್ಟಿಗೆ ಏಳಬೇಕು. ಗಂಡ ಬಿಟ್ಟು ಹೋದ ಮೇಲೆ ತಮ್ಮನನ್ನು ಜೊತೆಗೆ ಇಟ್ಟುಕೊಂಡಿದ್ದಳು. ಅವನಿಗೆ ಅನ್ನ ಹಾಕುವುದು ನಾನು ಎಂದು ಅವಳು ಹೇಳುತ್ತಿದ್ದಳು, ಅವಳನ್ನು ಸಾಕುವುದು ನಾನು ಎಂದು ಅವನು. ಎರಡೂ ನಿಜವಾಗಿತ್ತು.

ನೆಲ ಅಗೆಯುವವರಿಗೆ ಕಣ್ಣು ಇರುವುದು ಕಿವಿಯಲ್ಲಿ. ಮಣ್ಣಿಗೆ ಬಿದ್ದ ಪಿಕಾಸಿಯ ಸದ್ದು ಒಂದು ಥರ, ಕಲ್ಲಿಗೆ ಬಿದ್ದದ್ದು ಒಂದು ಥರ, ನೀರಿನ ಪೈಪಿಗೆ ಬಿದ್ದದ್ದು ಇನ್ನೊಂದು ಥರ. ಆರ್ಮರ್ ಕೇಬಲ್ಲಿಗೆ ಬಿದ್ದರೆ ಠಣ್ಣೆನ್ನುತ್ತದೆ, ಪಿಕಾಸಿ ಹಿಂದಕ್ಕೆ ಪುಟಿದು ಅಂಗೈ ಜುಮ್ಮೆನ್ನುತ್ತದೆ. ಆ ಕೇಬಲ್ಲಿನ ಕಪ್ಪು ತೊಗಲಿನ ಕೆಳಗೆ ಸುತ್ತಲೂ ಉಕ್ಕಿನ ತಂತಿಗಳ ಬಿಗಿಯಾದ ಸುತ್ತು, ಅದರೊಳಗೆ ಇನ್ನೊಂದು ತೊಗಲು, ಅದರೊಳಗೆ ದಪ್ಪ ಪ್ಲಾಸ್ಟಿಕ್ಕು ಹೊದ್ದ ಮೂರು ನರಗಳು. ಹನ್ನೊಂದು ಸಾವಿರ ವೋಲ್ಟು ಓಡುವುದು ಆ ನರಗಳಲ್ಲಿ. ಪ್ಲಾಸ್ಟಿಕ್ಕು ಕರೆಂಟನ್ನು ತಡೆಯುತ್ತದೆ, ಉಕ್ಕು ಪಿಕಾಸಿಯನ್ನು ತಡೆಯುತ್ತದೆ. ಆ ಉಕ್ಕನ್ನು ಎರಡು ತುದಿಯಲ್ಲೂ ಭೂಮಿಗೆ ಕಟ್ಟಿರುತ್ತಾರೆ; ಯಾರಾದರೂ ಭೀಮ ಬಂದು ಅದನ್ನೂ ತೂರಿದರೆ ಕರೆಂಟು ಅವನ ಮೈಗಿಂತ ಮೊದಲು ಉಕ್ಕಿನ ದಾರಿ ಹಿಡಿಯುತ್ತದೆ. ಗೋಡೆಯೊಳಗೆ, ಪೈಪಿನೊಳಗೆ ಎಳೆಯುವ ಕೇಬಲ್ಲಿಗೆ ಈ ಅಂಗಿ ಬೇಡ. ಮಣ್ಣಿನಲ್ಲಿ ಹೂಳುವುದಕ್ಕೆ ಬೇಕೇ ಬೇಕು. ಇದನ್ನು ಅವರಿಗೆ ಯಾವ ಮೇಷ್ಟರೂ ಕಲಿಸಿರಲಿಲ್ಲ. ಠಣ್ಣೆಂದರೆ ನಿಲ್ಲು, ಅನ್ನದಿದ್ದರೆ ಹೊಡಿ ಎಂಬುದಷ್ಟೇ ಅವರ ಪಾಠ. ಆ ಪಾಠದಲ್ಲಿ ಇಪ್ಪತ್ತು ವರ್ಷ ಯಾರೂ ಸತ್ತಿರಲಿಲ್ಲ.

ಗಿರಣಿಗೆ ಒಂದು ಕೇಬಲ್ಲು ಸಾಲದೆಂದು ಪಕ್ಕದಲ್ಲಿ ಇನ್ನೊಂದನ್ನು ಹಾಕಲು ಈ ಅಗೆತ. ಹಳೆಯದನ್ನು ಹೋದ ವರ್ಷ ಹಾಕಿದವರೂ ಇವರೇ, ಹಾಕಿಸಿದವನೂ ಇವನೇ. ಆಗ ಮಧ್ಯದಲ್ಲಿ ಅಡ್ಡ ಬಂದ ಬಂಡೆಯನ್ನು ಸುತ್ತಿ ಕೇಬಲ್ಲನ್ನು ಈ ಕಡೆಗೆ ಎಳೆಯಬೇಕಾಯಿತು. ನಕ್ಷೆ ಬರೆದವನು ಬಂಡೆಯನ್ನು ನೋಡಿರಲಿಲ್ಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಎಡಚನ ಪಿಕಾಸಿ ಯಾವುದಕ್ಕೋ ಮೆತ್ತಗೆ ಕಚ್ಚಿತು. ಸದ್ದಿಲ್ಲ. ಪುಟಿಯಲಿಲ್ಲ. ಅವನು ಬಗ್ಗಿ ನೋಡಿದ. ಮಣ್ಣಿನಲ್ಲಿ ಕಪ್ಪಗೆ ಒಂದಿಷ್ಟು ಕಂಡಿತು. ದಂಡೆಯ ಮೇಲೊಂದು ಹಳೇ ಮರವಿತ್ತು.

“ಅಕ್ಕಾ, ಬೇರು ಸಿಕ್ತು ಕಣೆ,” ಅಂದ.

“ಬೇರಾದ್ರೆ ಕಡಿದು ಬಿಸಾಕೋ. ಅದನ್ನೇನು ಮುದ್ದು ಮಾಡ್ತಾ ನಿಂತಿದೀಯ,” ಅಂದಳು ಕೂಗಕ್ಕ, ಬಾಂಡ್ಲಿಯನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ.

ಅವನು ಹೂಂಕರಿಸಿ, ಪಿಕಾಸಿಯನ್ನು ತಲೆಯ ಮೇಲೆತ್ತಿ, ಬೇರನ್ನು ಕಡಿಯುವ ಹಾಗೆ ಮೈಬಲವನ್ನೆಲ್ಲ ಹಾಕಿ ಹೊಡೆದ.

ಕಾಲುವೆಯೊಳಗಿಂದ ಬೆಳಕು ಬಂತು. ಹಗಲಿನ ಬೆಳಕನ್ನು ಕಪ್ಪು ಮಾಡುವಂಥ ಬಿಳಿ ಬೆಳಕು. ಆಮೇಲೆ ಸದ್ದು. ಕೂಗಕ್ಕ ಬಾಂಡ್ಲಿ ಸಮೇತ ಹಿಂದಕ್ಕೆ ಬಿದ್ದಳು. ಎದ್ದು ಬಗ್ಗಿದಾಗ ತಮ್ಮ ಕಾಲುವೆಯ ಗೋಡೆಗೆ ಒರಗಿ ಕೂತಿದ್ದ. ಎಡಗೈ ಮೊಣಕೈಯವರೆಗೆ ಸುಟ್ಟು ಮುದುಡಿತ್ತು. ಎದೆಯ ಚರ್ಮ ಸುಲಿದು ಹೊಗೆಯಾಡುತ್ತಿತ್ತು. ಹುಬ್ಬು, ರೆಪ್ಪೆ ಇರಲಿಲ್ಲ. ಬರಿಗಾಲಿನ ಹಿಮ್ಮಡಿಗಳಲ್ಲಿ ಕರೆಂಟು ಹೊರಬಿದ್ದ ಎರಡು ತೂತುಗಳಿದ್ದವು. ಬಾಯಿ ತೆರೆದೇ ಇತ್ತು, ಹೂಂಕಾರ ಇನ್ನೂ ಮುಗಿದಿಲ್ಲವೆಂಬಂತೆ.

ಯಾರೋ ಅವಳ ಸೀರೆ ಹಿಡಿದು ಎಳೆದರು, ಇಳಿಯಬೇಡ, ಇಳಿಯಬೇಡ ಎಂದು. ಅವಳು ಸೀರೆ ಹರಿದುಕೊಂಡು ಇಳಿದಳು. ಗಿರಣಿಯಲ್ಲಿ ಯಂತ್ರಗಳು ನಿಂತುಹೋಗಿದ್ದವು. ಲೈನು ತಾನಾಗಿ ಟ್ರಿಪ್ಪಾಗಿ ಕರೆಂಟು ನಿಂತಿತ್ತು. ಅವಳ ಪುಣ್ಯ.

ಓಡಿ ಬಂದ ಗುತ್ತಿಗೆದಾರನ ಕಣ್ಣು ಮೊದಲು ಹೋದದ್ದು ಗಿರಣಿಯ ಕಡೆಗೆ. ಆಮೇಲೆ ಕೇಬಲ್ಲಿನ ಕಡೆಗೆ. ಹೆಣದ ಸರದಿ ಮೂರನೆಯದು.

“ಅಯ್ಯೋ ಸೂಳೆಮಗನೆ, ಗಿರಣಿ ನಿಲ್ಲಿಸಿಬಿಟ್ಟೆಯಲ್ಲೋ,” ಅಂದ.

ಕೂಗಕ್ಕನ ಮಡಿಲಲ್ಲಿ ತಮ್ಮನ ತಲೆ ಇತ್ತು. ಅವಳ ಕಣ್ಣೆದುರಿಗೆ ಒಂದು ಮೊಳ ದೂರದಲ್ಲಿ ಕೇಬಲ್ಲು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಅವಳು ಬೇಡವೆಂದರೂ ನೋಡಿದಳು. ಕಪ್ಪು ತೊಗಲು ಸೀಳಿತ್ತು. ಅದರ ಕೆಳಗೆ ಕರಗಿದ ಪ್ಲಾಸ್ಟಿಕ್ಕು. ಅದರ ಕೆಳಗೆ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ. ತೊಗಲಿಗೂ ಪ್ಲಾಸ್ಟಿಕ್ಕಿಗೂ ನಡುವೆ ಇರಬೇಕಾಗಿದ್ದ ಉಕ್ಕಿನ ತಂತಿ ಒಂದೂ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವಳು ಆರ್ಮರ್ ಕೇಬಲ್ಲಿನ ಕೊಯ್ದ ಬಾಯಿಯನ್ನು ನೂರು ಸಲ ನೋಡಿದ್ದಳು.

ಆಗ ಅವಳಿಗೆ ಹೋದ ವರ್ಷದ ಆ ಬೆಳಿಗ್ಗೆ ನೆನಪಾಯಿತು. ಆರ್ಮರ್ ಕೇಬಲ್ಲೆಂದರೆ ಇಪ್ಪತ್ತು ಜನ ಹೊತ್ತರೂ ಹೆಗಲ ಮೂಳೆ ಲಟಕ್ಕೆನ್ನಬೇಕು. ಅವತ್ತು ಡ್ರಮ್ಮಿನಿಂದ ಬಿಚ್ಚಿದ್ದು ಹೂವಿನ ಹಾರದ ಹಾಗೆ ಸಲೀಸಾಗಿ ಬಂತು. ಹತ್ತು ಜನ ಸಾಕಾಯಿತು, ಉಳಿದ ಹತ್ತು ಜನ ಬೀಡಿ ಸೇದಿದರು. ಕೇಬಲ್ಲಿಗೂ ನಮ್ಮ ಹಾಗೆ ಹೊಟ್ಟೆಗೆ ಹಾಕಿಲ್ಲ ಕಣ್ರೋ, ಎಷ್ಟು ಸೊರಗಿದೆ ನೋಡಿ ಎಂದು ಅವಳೇ ತಮಾಷೆ ಮಾಡಿದ್ದಳು. ಎಲ್ಲರೂ ನಕ್ಕಿದ್ದರು. ಎಡಚನಂತೂ ಕೇಬಲ್ಲನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿ ಮೀಸೆ ತಿರುವಿದ್ದ. ಭಾರ ಕಡಿಮೆ ಇದ್ದರೆ ಯಾಕೆಂದು ಕೇಳುವ ಕೂಲಿಯವನು ಇನ್ನೂ ಹುಟ್ಟಿಲ್ಲ. ದೇವರು ಕಣ್ಣು ಬಿಟ್ಟ ಅಂದುಕೊಳ್ಳುತ್ತಾನೆ.

ನಾನೇ ಕೂಗಿ ಎಳೆಸಿದೆ, ನಾನೇ ಕಡಿ ಎಂದೆ ಎಂದುಕೊಂಡಳು. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

*

ಹೆಣವನ್ನು ಸರ್ಕಾರಿ ಆಸ್ಪತ್ರೆಯ ಶವಾಗಾರಕ್ಕೆ ಒಯ್ದರು. ಅಕ್ಕನನ್ನು ಗಾಡಿ ಹತ್ತಿಸಲಿಲ್ಲ. ಮಧ್ಯಾಹ್ನ ಅವಳನ್ನು ಗುತ್ತಿಗೆದಾರನ ತಗಡಿನ ಕೊಠಡಿಗೆ ಕರೆಸಿದರು. ಒಳಗೆ ಒಂದು ಮೇಜು, ಗೋಡೆಗೆ ನಕ್ಷೆ, ಮೂಲೆಯಲ್ಲಿ ಕೇಬಲ್ ತುಂಡುಗಳು, ಬಾಗಿಲಲ್ಲಿ ಅವನ ಇಬ್ಬರು ಆಳುಗಳು. ಮೇಜಿನ ಪಕ್ಕದಲ್ಲಿ ಜಾಯಿಂಟರು ನಿಂತಿದ್ದ. ಕೇಬಲ್ಲಿಗೆ ಕೇಬಲ್ಲು ಜೋಡಿಸುವ ಕಸುಬಿನವನು, ಲೈಸೆನ್ಸು ಇರುವವನು, ಕೂಲಿಯವರ ಲೆಕ್ಕದಲ್ಲಿ ಅರ್ಧ ಸಾಹೇಬ. ಅವನು ಅವಳ ಮುಖ ನೋಡಲಿಲ್ಲ.

ಗುತ್ತಿಗೆದಾರ ಈಗ ದನಿ ತಗ್ಗಿಸಿದ್ದ. ಹೀಗಾಗಬಾರದಿತ್ತು, ವಿಧಿ, ಯಾರ ಕೈಲೂ ಇಲ್ಲ ಎಂದೆಲ್ಲ ಹೇಳಿ ಒಂದು ಕಾಗದವನ್ನು ಮುಂದೆ ತಳ್ಳಿದ. ಕೆಳಗೆ ಆಗಲೇ ದುಂಡು ಸೀಲು ಬಿದ್ದಿತ್ತು, ಸಾಹೇಬರ ಸಹಿಯೂ ಇತ್ತು. ಸಾಹೇಬರು ಎಂದರೆ ಇಲಾಖೆಯ ತನಿಖೆಯ ಸಾಹೇಬರು. ತನಿಖೆಗೆ ಅವರು ಬರುವುದು ಮಾರನೆಯ ದಿನ. ಸಹಿ ಮಾತ್ರ ಮುಂಚಿತವಾಗಿಯೇ ನಡೆದುಕೊಂಡು ಬಂದಿತ್ತು.

ಹೆಬ್ಬೆಟ್ಟು ಒತ್ತಿದರೆ ಸಂಜೆಯೊಳಗೆ ಹೆಣ ಕೊಡಿಸುತ್ತೇನೆ, ಒತ್ತದಿದ್ದರೆ ಅದು ಅಲ್ಲೇ ಕೊಳೆಯುತ್ತದೆ ಎಂದ ಗುತ್ತಿಗೆದಾರ.

“ಏನು ಬರ್ದಿದೆ ಇದ್ರಲ್ಲಿ?” ಕೂಗಕ್ಕ ಕೇಳಿದಳು. “ಜಾಯಿಂಟರಣ್ಣ, ನೀನು ಓದು.”

ಜಾಯಿಂಟರು ಗುತ್ತಿಗೆದಾರನ ಕಡೆ ನೋಡಿದ. ಅವನು ಕೈಯಾಡಿಸಿದ ಮೇಲೆ ಕಾಗದ ಎತ್ತಿಕೊಂಡು, ಮಂತ್ರ ಹೇಳುವವನ ಹಾಗೆ ಒಂದೇ ಉಸಿರಿನಲ್ಲಿ ಓದಿದ. ಮೃತನು ಕುಡಿದ ಅಮಲಿನಲ್ಲಿ, ತಾಮ್ರವನ್ನು ಕದಿಯುವ ಉದ್ದೇಶದಿಂದ, ನಿಯಮದ ಪ್ರಕಾರ ಹೂಳಲಾಗಿದ್ದ ಆರ್ಮರ್ ಕೇಬಲ್ಲಿನ ಕವಚವನ್ನು ಬೇಕೆಂದೇ ಸೀಳಿ ಸಾವಿಗೀಡಾಗಿರುತ್ತಾನೆ. ಇದರಲ್ಲಿ ಗುತ್ತಿಗೆದಾರರ ತಪ್ಪೇನೂ ಇರುವುದಿಲ್ಲವೆಂದು ಮೃತನ ಅಕ್ಕನಾದ ನಾನು ಒಪ್ಪಿರುತ್ತೇನೆ.



“ತಾಮ್ರ ಎಲ್ಲಿದೆ ಅದ್ರಲ್ಲಿ?” ಅಂದಳು ಅವಳು. “ಅಲ್ಯೂಮಿನಿಯಂ ಅಲ್ವಾ ಅದು.”

ಸುಳ್ಳು ಹೇಳುವುದಕ್ಕೂ ಕಸುಬು ಗೊತ್ತಿರಬೇಕು. ಗುತ್ತಿಗೆದಾರ ಜಾಯಿಂಟರಿಗೆ, “ತಾಮ್ರ ಹೊಡೆದುಹಾಕಿ ಲೋಹ ಅಂತ ಬರಿ,” ಅಂದ. ಜಾಯಿಂಟರು ಹೊಡೆದುಹಾಕಿ ಬರೆದ.

“ಈಗ ಒತ್ತು.”

“ನನ್ನ ತಮ್ಮ ಕಳ್ಳ ಅಲ್ಲ. ನಿನ್ನ ಕೇಬಲ್ಲಿಗೆ ಉಕ್ಕಿಲ್ಲ. ಮೇಲೆ ಥಳುಕು ಒಳಗೆ ಹುಳುಕು. ನಾನು ಕಣ್ಣಾರೆ ನೋಡಿದೀನಿ.”

“ಏನೇ ನೋಡಿದೀಯ, ಬೀದಿ ಮುಂಡೆ? ಹೆಬ್ಬೆಟ್ಟಿನವಳು ನನಗೆ ಕೇಬಲ್ ಪಾಠ ಹೇಳ್ತೀಯಾ?”

ಅವನು ಬಾಗಿಲ ಕಡೆ ಗೋಣು ಹಾಕಿದ. ಆಳುಗಳಿಬ್ಬರೂ ಬಂದು ಅವಳ ತೋಳು ತಿರುಚಿ, ಮುಖವನ್ನು ಮೇಜಿಗೆ ಒತ್ತಿ ಹಿಡಿದರು. ಒಬ್ಬ ಅವಳ ಕೈಯನ್ನು ಎಳೆದು ಮಸಿಯ ಡಬ್ಬಿಯ ಮೇಲಿಟ್ಟ. ಅವಳು ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ಇಪ್ಪತ್ತು ವರ್ಷ ಹಗ್ಗ ಎಳೆದ ಮುಷ್ಟಿ ಅದು. ಇಬ್ಬರು ಗಂಡಸರು ಬೆವರಿದರೂ ಬಿಚ್ಚಲಿಲ್ಲ. ಒಬ್ಬ ಅವಳ ಕೂದಲು ಹಿಡಿದು ಹಣೆಯನ್ನು ಮೇಜಿಗೆ ಎರಡು ಸಲ ಕುಟ್ಟಿದ. ಮುಷ್ಟಿ ಬಿಚ್ಚಲಿಲ್ಲ. ಗುತ್ತಿಗೆದಾರ ಎದ್ದು ಮೂಲೆಯಿಂದ ಒಂದು ಕೇಬಲ್ ತುಂಡು ಎತ್ತಿಕೊಂಡ. ಮೊಳದುದ್ದದ್ದು, ಉಕ್ಕಿನ ತಂತಿಗಳು ಹೊರಗೆ ಚಾಚಿದ್ದ ನಿಜವಾದ ಆರ್ಮರ್ ತುಂಡು. ಅದರಿಂದ ಅವಳ ಮುಷ್ಟಿಯ ಮೇಲೆ ಹೊಡೆದ. ಮೂರನೆಯ ಏಟಿಗೆ ಬೆರಳಿನ ಮೂಳೆ ಮುರಿದ ಸದ್ದು ಕೇಳಿಸಿತು. ರಕ್ತ ಚಿಮ್ಮಿ ಕಾಗದದ ಮೇಲೆ ಬಿದ್ದು, ಸೀಲು, ಸಹಿ, ಲೋಹ ಎಲ್ಲವೂ ಒಂದಾಗಿ ಹೋಯಿತು.

“ಥೂ, ಕಾಗದ ಕೆಡಿಸಿದ್ಳು,” ಅಂದ ಗುತ್ತಿಗೆದಾರ. ಸೀಲಿದ್ದ ಕಾಗದ ಅದೊಂದೇ ಇತ್ತು. “ಹೋಗು. ನಾಳೆ ಸಾಹೇಬ್ರ ಮುಂದೇನೇ ಒತ್ತುವೆಯಂತೆ. ಹೆಬ್ಬೆಟ್ಟು ಇನ್ನೊಂದಿದೆಯಲ್ಲ.”

*

ಕೊಠಡಿಯ ಹಿಂದಿನ ನಲ್ಲಿಯಲ್ಲಿ ಅವಳು ಕೈ ಹಿಡಿದು ನಿಂತಿದ್ದಾಗ ಜಾಯಿಂಟರು ಬಂದ. ಸುತ್ತ ನೋಡಿ, ಜೇಬಿನಿಂದ ಕೇಬಲ್ಲಿಗೆ ಸುತ್ತುವ ಬಟ್ಟೆಯ ಪಟ್ಟಿ ತೆಗೆದು ಅವಳ ಬೆರಳುಗಳನ್ನು ಸೇರಿಸಿ ಕಟ್ಟತೊಡಗಿದ. ಚೆನ್ನಾಗಿ ಕಟ್ಟಿದ, ಕಸುಬಿನ ಕೈ. ಕಟ್ಟುತ್ತಲೇ ಗೊಣಗುವಂತೆ ಹೇಳಿದ. ಈ ಕಡೆ ಹತ್ತಡಿ, ಗಿರಣಿಯ ಕಡೆ ಹತ್ತಡಿ ಆರ್ಮರು. ಇನ್‌ಸ್ಪೆಕ್ಷನ್ನಿಗೆ ಬರುವವರು ತುದಿಗಳನ್ನಷ್ಟೇ ನೋಡುತ್ತಾರೆ. ನಡುವಿನ ಮುನ್ನೂರಡಿ ಬರೀ ಕೇಬಲ್ಲು, ಕಟ್ಟಡದೊಳಗೆ ಎಳೆಯುವಂಥದ್ದು. ಅಗೆಯುವವರಿಗೆ ಎಚ್ಚರಿಕೆಯಾಗಿ ಕೇಬಲ್ಲಿನ ಮೇಲೆ ಹಾಸಬೇಕಾದ ಇಟ್ಟಿಗೆಯೂ ಇಲ್ಲ. ಎರಡೂ ಕಡೆ ಜಾಯಿಂಟು ಹಾಕಿದ್ದು ತಾನೇ.

“ಅವತ್ತೇ ಹೇಳ್ಬೇಕಿತ್ತು ನಾನು. ಲೈಸೆನ್ಸಿಗೆ ಸಹಿ ಹಾಕೋನು ಆ ಸಾಹೇಬ್ನೇ ಕಣಮ್ಮ. ಕಿತ್ಕೊಂಡ್ರೆ ನಾನೂ ನಿಮ್ಮ ಹಾಗೆ ಗುಂಡಿಗೆ ಇಳೀಬೇಕು.”

“ನಾಳೆ ಹೇಳ್ತೀಯಾ?”

ಅವನು ಪಟ್ಟಿಯ ತುದಿಯನ್ನು ಹಲ್ಲಿನಿಂದ ಹರಿದು ಗಂಟು ಹಾಕಿದ. ಅವಳು ಅವನ ಕಾಲ ಬಳಿ ಉಗಿದು ಹೊರಟಳು.

ಸಂಜೆಯೊಳಗೆ ಅದೇ ಜಾಯಿಂಟರು ಸುಟ್ಟ ಜಾಗವನ್ನು ಕತ್ತರಿಸಿ, ಅಲ್ಲಿಗೆ ಎರಡು ಗಜ ಹೊಸ ಆರ್ಮರ್ ತುಂಡನ್ನು ಸೇರಿಸಿ ಜೋಡಿಸಿದ. ಲೈನು ಮತ್ತೆ ಚಾಲೂ ಆಯಿತು. ಗಿರಣಿ ಏನೂ ಆಗಿಲ್ಲವೆಂಬಂತೆ ಗುಂಯ್‌ಗುಟ್ಟತೊಡಗಿತು. ಗುತ್ತಿಗೆದಾರ ಗುಂಪಿನವರನ್ನು ಕರೆದು, ನಾಳೆ ಸಾಹೇಬರು ಬಂದು ಹೋದ ಮೇಲೆ ಉಳಿದ ಇನ್ನೂರಡಿ ಅಗೆತ ಶುರು, ಎಡಚನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ ಅಂದ.

ಗುಡಿಸಲುಗಳ ಮುಂದೆ ಅವರೆಲ್ಲ ಕೂತರು. ಕೂಗಕ್ಕ ಜಾಯಿಂಟರು ಹೇಳಿದ್ದನ್ನು ಹೇಳಿದಳು. ಒಬ್ಬ, ಬಡವನ ಕೋಪ ದವಡೆಗೆ ಮೂಲ ಕಣಕ್ಕ, ಹೆಬ್ಬೆಟ್ಟು ಒತ್ತಿ ಹೆಣ ತಗೊಂಡು ಬಾ, ಅವನಿಗೆ ಮಣ್ಣಾದರೂ ಸಿಗಲಿ ಅಂದ. ಅವಳಿಗೂ ಆ ಆಸೆ ಇಲ್ಲದಿರಲಿಲ್ಲ. ತಮ್ಮ ತಣ್ಣನೆಯ ಕೋಣೆಯಲ್ಲಿ ಬೆತ್ತಲೆ ಮಲಗಿದ್ದಾನೆಂಬುದು ಅವಳನ್ನು ಕಿತ್ತು ತಿನ್ನುತ್ತಿತ್ತು. ಆದರೆ ಕಳ್ಳನೆಂದು ಬರೆಸಿಕೊಂಡು ತಂದ ಹೆಣವನ್ನು ಮಣ್ಣು ಮಾಡುವುದು ಹೇಗೆ? ಮಣ್ಣು ಮಾಡಿ ಬಂದ ಮೇಲೆ ಆ ಇನ್ನೂರಡಿಯಲ್ಲಿ ಪಿಕಾಸಿ ಹಿಡಿಯುವವರು ಯಾರು?

“ಹೇಳಿ,” ಅಂದಳು. “ನಾಳೆ ಮುಂದೆ ಯಾರು ನಿಲ್ತೀರಿ? ಠಣ್ ಅನ್ನಲ್ಲ ಅಂತ ಈಗ ಗೊತ್ತಲ್ಲ.”

ಗುಂಪಿನ ಹಿರಿಯಳು, ಎಲ್ಲರೂ ದೊಡ್ಡಮ್ಮ ಎನ್ನುವ ಮುದುಕಿ, ಎದ್ದು ಸೆರಗು ಸಿಕ್ಕಿಸಿಕೊಂಡಳು. ಕಬ್ಬಿಣ ಬೇಡ, ಬೆಳಗಾಗುತ್ತಲೇ ಕೈಯಲ್ಲಿ ಅಗೆದು ಕೇಬಲ್ಲು ಬಯಲು ಮಾಡಿ ಸಾಹೇಬರಿಗೆ ತೋರಿಸೋಣ ಅಂದಳು.

*

ಬೆಳಗಿನ ಜಾವ ಇಪ್ಪತ್ತರಲ್ಲಿ ಒಬ್ಬ ಕಡಿಮೆಯಾದ ಆ ಗುಂಪು ಕಾಲುವೆಗೆ ಇಳಿದು, ಮಣ್ಣನ್ನು ಬೆರಳಿನಿಂದ, ಮರದ ಚಕ್ಕೆಯಿಂದ ಕೆರೆದು ತೆಗೆಯಿತು. ಎಡಚ ಸತ್ತ ಜಾಗದಿಂದ ನಲವತ್ತು ಹೆಜ್ಜೆ ಮುಂದೆ, ಮೇಲ್ಮಣ್ಣು ಆಗಲೇ ತೆಗೆದಿದ್ದ, ಜಾಯಿಂಟರ ಕೈ ಸೋಕದ ಕಡೆ, ಒಂದು ಮಾರು ಕೇಬಲ್ಲು ಕಪ್ಪಗೆ ಬಯಲಾಯಿತು. ಯಾರೂ ಅದನ್ನು ಮುಟ್ಟಲಿಲ್ಲ. ಕೂಗಕ್ಕ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಇನ್ನೊಂದರಲ್ಲೇ ಕೆರೆದಳು. ಉಗುರೆಲ್ಲ ಕಿತ್ತು ಬಂದಿದ್ದವು.

ಸಾಹೇಬ ಬಿಳಿ ಕಾರಿನಲ್ಲಿ ಬಂದ. ಗುತ್ತಿಗೆದಾರ ಅವನನ್ನು ಮೊದಲು ಈ ತುದಿಗೆ ಒಯ್ದು ಉಕ್ಕು ತೋರಿಸಿದ, ಆಮೇಲೆ ಗಿರಣಿಯ ತುದಿಗೆ ಒಯ್ದು ತೋರಿಸಿದ, ಆಮೇಲೆ ಎಡಚ ಸತ್ತ ಜಾಗದಲ್ಲಿ ನಿನ್ನೆ ಸೇರಿಸಿದ ಹೊಸ ತುಂಡಿನ ಉಕ್ಕನ್ನೂ ತೋರಿಸಿದ. ಸಾಹೇಬ ಎಲ್ಲವನ್ನೂ ದಂಡೆಯ ಮೇಲಿಂದಲೇ ಕಂಡು ತಲೆಯಾಡಿಸಿದ. ಜಾಯಿಂಟರು ಅವರ ಹಿಂದೆ ಚೀಲ ಹಿಡಿದು ನಡೆಯುತ್ತಿದ್ದ. ಕಾರಿನ ಮೂತಿಯ ಮೇಲೆ ಹೊಸ ಕಾಗದ, ಹೊಸ ಮಸಿ ಡಬ್ಬಿ ಸಿದ್ಧವಾಗಿದ್ದವು.

“ಯಾರಮ್ಮ ಅಕ್ಕ? ಬಾ ಇಲ್ಲಿ. ನನಗೆ ಟೈಮಿಲ್ಲ,” ಅಂದ ಸಾಹೇಬ.

ಕೂಗಕ್ಕ ಬಂದಳು. ಕೈ ಚಾಚಲಿಲ್ಲ. ನಾವು ತೆಗೆದಿರುವ ಜಾಗವನ್ನೂ ನೋಡಿ ಬನ್ನಿ ಅಂದಳು. ಸಾಹೇಬ ಮುಖ ಸಿಂಡರಿಸಿಕೊಂಡು ನಲವತ್ತು ಹೆಜ್ಜೆ ನಡೆದು ಬಗ್ಗಿ ನೋಡಿದ.

“ಕಪ್ಪಗಿದೆ. ಅದೂ ಆರ್ಮರೇ. ಹೊರಗಿನಿಂದ ಎಲ್ಲಾ ಒಂದೇ ಥರ ಕಾಣತ್ತೆ.”

“ಎಲ್ಲಾ ಆರ್ಮರೇ ಸಾರ್, ಮುನ್ನೂರಿಪ್ಪತ್ತಡೀನೂ,” ಅಂದ ಗುತ್ತಿಗೆದಾರ. “ಇವ್ಳಿಗೆ ತಲೆ ಕೆಟ್ಟಿದೆ.”

“ಹಂಗಾದ್ರೆ ಒಂದು ಪಿಕಾಸಿ ಹಾಕಿ ತೋರಿಸು,” ಅಂದಳು ಕೂಗಕ್ಕ. “ಆರ್ಮರಾದ್ರೆ ಪುಟಿಯತ್ತೆ. ಕರೆಂಟು ಉಕ್ಕಿಗೆ ಹೋಗತ್ತೆ, ನಿನಗೆ ಬರಲ್ಲ. ಹೊಡೆದು ತೋರಿಸು, ನಾನು ಎರಡೂ ಹೆಬ್ಬೆಟ್ಟು ಒತ್ತುತೀನಿ.”

ಗುತ್ತಿಗೆದಾರ ಜೋರಾಗಿ ನಕ್ಕ. ನಗುತ್ತ ಸುತ್ತ ನೋಡಿದಾಗ ಗುಂಪು ಹತ್ತಿರ ಬಂದಿತ್ತು. ಅವನ ನಗು ಅರ್ಧಕ್ಕೇ ನಿಂತಿತು. ಅವನು ಕೂಗಕ್ಕನ ಕೆನ್ನೆಗೆ ಬಾರಿಸಿದ. ಅವಳ ತುಟಿ ಒಡೆಯಿತು. ಅವಳು ಕದಲಲಿಲ್ಲ. ಆಳುಗಳಿಬ್ಬರು ಮುನ್ನುಗ್ಗಿದರು. ದೊಡ್ಡಮ್ಮ ಸಲಿಕೆಯ ಹಿಡಿಯನ್ನು ಒಬ್ಬನ ಮೊಣಕಾಲಿನ ಕೆಳಗೆ ಬೀಸಿದಳು. ಅವನು ಅಮ್ಮಾ ಎನ್ನುತ್ತ ಕುಸಿದ. ಅವನ ಮೇಲೆ ನಾಲ್ಕು ಜನ ಬಿದ್ದರು. ಇನ್ನೊಬ್ಬನ ಮೂಗಿಗೆ ಬಾಂಡ್ಲಿಯ ಅಂಚು ಬಿತ್ತು. ಅವನು ರಕ್ತ ಹಿಡಿದುಕೊಂಡು ರಸ್ತೆಯ ಕಡೆ ಓಡಿದ. ಗುತ್ತಿಗೆದಾರ ಕಾರಿನ ಕಡೆ ತಿರುಗುವಷ್ಟರಲ್ಲಿ ಯಾರೋ ಅವನ ಕೊರಳಪಟ್ಟಿ ಹಿಡಿದರು, ಯಾರೋ ಕಾಲು ಹಿಡಿದರು. ಅವನನ್ನು ಮೂಟೆ ಇಳಿಸುವ ಹಾಗೆ ಕಾಲುವೆಗೆ ಇಳಿಸಿದರು. ಮೂಟೆಯನ್ನಾದರೆ ಇದಕ್ಕಿಂತ ನಿಧಾನವಾಗಿ ಇಳಿಸುತ್ತಿದ್ದರು. ಅವನ ಹಲ್ಲಿನ ಸಂದಿಯಲ್ಲೆಲ್ಲ ಮಣ್ಣು ಮೆತ್ತಿತು.

ಕೂಗಕ್ಕ ಮೇಲಿಂದ ಅವನ ಮುಂದಕ್ಕೆ ಪಿಕಾಸಿ ಎಸೆದಳು.

“ಬೂಟು ಬಿಚ್ಚು,” ಅಂದಳು.

“ಏನು?”

“ಬೂಟು ಬಿಚ್ಚು. ನನ್ನ ತಮ್ಮ ಬರಿಗಾಲಲ್ಲಿದ್ದ.”

ಅವನು ಬಿಚ್ಚಲಿಲ್ಲ. ಮೇಲಿಂದ ಒಂದು ಕಲ್ಲು ಬಂದು ಹಣೆಗೆ ಬಿತ್ತು. ಅವನು ಬಿಚ್ಚಿದ. ಬೆಳ್ಳಗಿನ ಮೃದುವಾದ ಪಾದಗಳು ಒದ್ದೆ ಮಣ್ಣಿನಲ್ಲಿ ನಿಂತವು. ಪಿಕಾಸಿ ಅವನ ಕೈಯಿಂದ ಎರಡು ಸಲ ಜಾರಿತು. ಕೊನೆಗೆ ಎತ್ತಿ, ಕೇಬಲ್ಲಿನಿಂದ ಒಂದು ಗೇಣು ದೂರದ ಮಣ್ಣಿಗೆ ಮೆತ್ತಗೆ ತಾಗಿಸಿದ.

“ಅಲ್ಲಿ ಅಲ್ಲ. ಕೇಬಲ್ ಮೇಲೆ.”

“ಲೈನ್ ಚಾಲೂ ಇದೆ ಕಣೇ. ಆಫ್ ಮಾಡ್ಸು ಮೊದ್ಲು.”

“ನಿನ್ನೆ ನೀನು ಆಫ್ ಮಾಡ್ಸಿದ್ಯಾ?”

ಅವನು ಸಾಹೇಬನನ್ನು ಕೂಗಿದ. ಸಾಹೇಬ ಕಾರಿನ ಬಾಗಿಲಿಗೆ ಕೈ ಹಾಕಿದ್ದ, ಬಾಗಿಲಿಗೆ ಬೆನ್ನು ಕೊಟ್ಟು ಮೂವರು ಹೆಂಗಸರು ನಿಂತಿದ್ದರು. ದೂರದಲ್ಲಿ ಓಡಿಹೋದ ಆಳು ಯಾರಿಗೋ ಫೋನಿನಲ್ಲಿ ಅರಚುತ್ತಿದ್ದ. ಪೊಲೀಸರು ಬರುತ್ತಾರೆಂದು ಗುಂಪಿನ ಪ್ರತಿಯೊಬ್ಬರಿಗೂ ಗೊತ್ತಿತ್ತು, ಬಂದರೆ ಏನಾಗುತ್ತದೆಂದೂ ಗೊತ್ತಿತ್ತು. ಕೂಗಕ್ಕನಿಗೆ ಹೆದರಿಕೆಯಾಯಿತು. ಆದರೆ ಆ ಹೆದರಿಕೆಗೆ ಈಗ ಕೂರಲು ಜಾಗವಿರಲಿಲ್ಲ.

“ಹೊಡಿ,” ಅಂದಳು. “ಇಲ್ಲಾಂದ್ರೆ ನಾನು ಇಳಿದು ಹೊಡೀತೀನಿ, ನೀನು ಪಕ್ಕದಲ್ಲಿ ನಿಂತಿರು. ಇಬ್ರೂ ಹೋಗೋಣ.”

ಅವಳು ನಿಜವಾಗಿಯೂ ಕಾಲು ಕೆಳಗೆ ಬಿಟ್ಟಳು. ಅದನ್ನು ನೋಡಿ ಗುತ್ತಿಗೆದಾರನ ಪ್ಯಾಂಟು ಒದ್ದೆಯಾಯಿತು. ಉಚ್ಚೆ ಅವನ ಬರಿಗಾಲಿನ ಸುತ್ತ ನಿಂತಿತು. ಆ ಒದ್ದೆಯನ್ನು ಕಂಡು ಅವನಿಗೆ ಇನ್ನೂ ಹೆಚ್ಚು ಭಯವಾಯಿತು. ಪಿಕಾಸಿಯನ್ನು ದೂರ ಎಸೆದು ಎರಡೂ ಕೈ ಜೋಡಿಸಿದ.

“ಬೇಡ ಕಣಮ್ಮ. ಇಲ್ಲ. ಒಳಗೆ ಉಕ್ಕಿಲ್ಲ. ಎರಡು ತುದೀಲಿ ಹತ್ತತ್ತಡಿ ಅಷ್ಟೇ. ಇದೆಲ್ಲಾ ಬರೀ ಕೇಬಲ್ಲು. ಸಾಹೇಬ್ರಿಗೂ ಗೊತ್ತು.”

ಗೋಡೆಯಾಚೆ ಗಿರಣಿಯ ಯಂತ್ರಗಳ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಕೂಗಕ್ಕ ಸಾಹೇಬನ ಕಡೆ ತಿರುಗಿದಳು.

“ಕೇಳಿಸ್ತಾ ಸಾಹೇಬ್ರೆ? ಬರ್ಕೊಳ್ಳಿ.”

ಸಾಹೇಬ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ. ದನಿ ಇನ್ನೂ ಸಾಹೇಬನದೇ ಆಗಿತ್ತು.

“ನನಗೇನೂ ಕೇಳಿಸಲಿಲ್ಲ. ಇಷ್ಟು ದೂರಕ್ಕೆ ಏನು ಕೇಳಿಸತ್ತೆ? ಎಲ್ಲಾ ಗಲಾಟೆ.”

ತಮ್ಮನ ಹೆಣ ಇನ್ನು ಕೈಗೆ ಸಿಗದಷ್ಟು ದೂರ ಹೋಗಿಬಿಟ್ಟಿತೆಂದು ಕೂಗಕ್ಕನಿಗೆ ಅನ್ನಿಸಿತು. ಬೀಸಿ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ. ಒಡೆದ ತುಟಿಯನ್ನು ಸೆರಗಿನಿಂದ ಒರೆಸಿಕೊಂಡು ಹೇಳಿದಳು.

“ಮೇಲಿಂದ ಕೇಳ್ಸಲ್ಲ ಸಾಹೇಬ್ರೆ. ಇಳೀರಿ.”

ಸಾಹೇಬ ಹಿಂದೆ ಸರಿದ. ಹಿಂದೆ ಜಾಗವಿರಲಿಲ್ಲ. ಹೆಂಗಸರು ಅವನ ಎರಡು ತೋಳು ಹಿಡಿದು ಕಾಲುವೆಯ ಅಂಚಿಗೆ ತಂದು ನಿಲ್ಲಿಸಿದರು. ಆಗ ಗುಂಪಿನ ಹಿಂದಿನಿಂದ ಜಾಯಿಂಟರು ಬಂದ. ಎಲ್ಲರೂ ದಾರಿ ಬಿಟ್ಟರು, ಅವನು ಬಿಡಿಸಲು ಬಂದನೋ ಏನೋ ಎಂದು. ಅವನು ಚೀಲವನ್ನು ಕೆಳಗಿಟ್ಟು, ಸಾಹೇಬನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಬೂಟಿನ ಲೇಸಿಗೆ ಕೈ ಹಾಕಿದ.

“ಏಯ್, ಏನ್ ಮಾಡ್ತಿದೀಯ ನೀನು? ನಿನ್ನ ಲೈಸೆನ್ಸು ಇವತ್ತಿಗೇ...”

“ಗಂಟು ಬಿಗಿಯಾಗಿದೆ,” ಅಂದ ಜಾಯಿಂಟರು, ತಲೆ ಎತ್ತದೆ. “ಕಾಲು ಅಲ್ಲಾಡಿಸಬೇಡಿ ಸಾರ್.”

ಒಂದು ಬೂಟು ಕಳಚಿತು. ಆಮೇಲೆ ಕಾಲುಚೀಲ. ಆಮೇಲೆ ಇನ್ನೊಂದು. ರಸ್ತೆಯ ತಿರುವಿನಲ್ಲಿ ಪೊಲೀಸ್ ಗಾಡಿಯ ಸದ್ದು ಕೇಳಿಸಿತು. ಯಾರೂ ಆ ಕಡೆ ನೋಡಲಿಲ್ಲ. ಕೆಳಗೆ ಗುತ್ತಿಗೆದಾರ, ಕೇಬಲ್ಲಿಗೆ ಮೈ ಸೋಕದ ಹಾಗೆ ಮಣ್ಣಿನ ಗೋಡೆಗೆ ಒತ್ತಿಕೊಂಡು, ಸಾಹೇಬನಿಗೆ ನಿಲ್ಲಲು ಜಾಗ ಮಾಡಿಕೊಟ್ಟ.